ಗಾಯದಿಂದ ಮರಳಿದ ಗಾರ್ಡ್‌ಗೆ ಛಲ ಸಾಲದು, ಸರಿಯಾದ ಕೆಲಸವೂ ಬೇಕು

2025ರ ಏಪ್ರಿಲ್ 6. ಫ್ಲಾರಿಡಾದ ಟ್ಯಾಂಪಾದಲ್ಲಿ ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್. ಕನೆಕ್ಟಿಕಟ್ ವಿಶ್ವವಿದ್ಯಾಲಯ, ಅಂದರೆ ಎಲ್ಲರೂ ಕರೆಯುವ ಹಾಗೆ ಯುಕಾನ್, ಹಿಂದಿನ ವರ್ಷದ ಚಾಂಪಿಯನ್ ಸೌತ್ ಕ್ಯಾರೊಲಿನಾವನ್ನು 82-59ರಿಂದ ಸೋಲಿಸಿತು. 24 ಅಂಕ ಗಳಿಸಿದ ಗಾರ್ಡ್ ಆಜಿ ಫಡ್ ಫೈನಲ್ ಹಂತದ ಅತ್ಯುತ್ತಮ ಆಟಗಾರ್ತಿ ಅನ್ನಿಸಿಕೊಂಡರು. ಅದಕ್ಕೆ 17 ತಿಂಗಳ ಮುಂಚೆ, 2023ರ ನವೆಂಬರ್‌ನಲ್ಲಿ, ಇದೇ ಫಡ್ ಅಭ್ಯಾಸದ ವೇಳೆ ಮಂಡಿಯ ಎಸಿಎಲ್ ಅಸ್ಥಿರಜ್ಜು ಹರಿದುಕೊಂಡಿದ್ದರು. ಹೈಸ್ಕೂಲಿನಲ್ಲಿದ್ದಾಗಲೂ ಅವರಿಗೆ ಒಮ್ಮೆ ಎಸಿಎಲ್ ಹರಿದಿತ್ತು.

ಇಂಥ ಕಥೆಗಳನ್ನು ನಾವು ಕೇಳೋದು ಯಾವಾಗಲೂ ಒಂದೇ ಧಾಟಿಯಲ್ಲಿ: ಬಿದ್ದರು, ಅತ್ತರು, ಛಲ ಬಿಡಲಿಲ್ಲ, ಗೆದ್ದರು. ಕೇಳೋಕೆ ಚೆನ್ನಾಗಿರುತ್ತೆ. ಆದರೆ ಇದರಿಂದ ಏನೂ ಅರ್ಥ ಆಗೋದಿಲ್ಲ. ಛಲ ಇದ್ದವರೆಲ್ಲ ಮರಳಿ ಬರೋದಿಲ್ಲ, ಮರಳಿ ಬಂದವರೆಲ್ಲ ಉಳಿಯೋದಿಲ್ಲ. "ಮೊದಲಿನ ಹಾಗೆ ಆಡ್ತಾರಾ?" ಅನ್ನೋ ಪ್ರಶ್ನೆಯನ್ನೇ ಬದಿಗಿಟ್ಟು ಬೇರೆ ಮೂರು ಪ್ರಶ್ನೆ ಕೇಳಬೇಕು. ಯಾವ ಕೆಲಸ ಕೊಡ್ತಾರೆ? ಎಷ್ಟು ನಿಮಿಷ ಆಡಿಸ್ತಾರೆ? ಇದನ್ನೆಲ್ಲ ತೀರ್ಮಾನಿಸೋದು ಯಾರು?

ಮಂಡಿಗೆ ಗೊತ್ತಿರೋ ಸತ್ಯ

ಮೊದಲು ಗಾರ್ಡ್ ಅಂದರೆ ಏನು ಅಂತ ನೋಡೋಣ. ಐದು ಜನರ ತಂಡದಲ್ಲಿ ಸಾಮಾನ್ಯವಾಗಿ ಎತ್ತರ ಕಡಿಮೆ ಇರುವ, ವೇಗ ಜಾಸ್ತಿ ಇರುವ ಇಬ್ಬರು ಗಾರ್ಡ್‌ಗಳು. ಚೆಂಡನ್ನು ಅಂಗಳದ ಆ ಕಡೆಗೆ ಒಯ್ಯೋದು, ಆಟ ಕಟ್ಟೋದು, ದೂರದಿಂದ ಗುರಿ ಇಡೋದು ಇವರ ಕೆಲಸ. ಓಡುತ್ತಾ ಓಡುತ್ತಾ ಗಕ್ಕನೆ ನಿಲ್ಲಬೇಕು, ದಿಕ್ಕು ಬದಲಿಸಬೇಕು, ಒಂಟಿ ಕಾಲಲ್ಲಿ ಹಾರಿ ಇಳಿಯಬೇಕು. ಎಸಿಎಲ್ ಹರಿಯೋದು ಸರಿಯಾಗಿ ಈ ಚಲನೆಗಳಲ್ಲೇ. ಬಹುಪಾಲು ಸಂದರ್ಭಗಳಲ್ಲಿ ಯಾರೂ ಡಿಕ್ಕಿ ಹೊಡೆದಿರೋದಿಲ್ಲ. ಆಟಗಾರ್ತಿ ತಾನೇ ತಿರುಗುತ್ತಾಳೆ, ಕಾಲು ತಿರುಗೋದಿಲ್ಲ, ಅಷ್ಟೇ.

ಹರಿದ ಎಸಿಎಲ್‌ಗೆ ಸಾಮಾನ್ಯವಾಗಿ ದೇಹದ ಬೇರೆ ಕಡೆಯ ಸ್ನಾಯುರಜ್ಜಿನ ತುಂಡು ತಂದು ಕಸಿ ಮಾಡ್ತಾರೆ. ಅದು ದೇಹಕ್ಕೆ ಹೊಂದಿಕೊಂಡು ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. 2016ರಲ್ಲಿ ಪ್ರಕಟವಾದ, ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೋ ಸೇರಿ ಮಾಡಿದ ಅಧ್ಯಯನವೊಂದು ಲೆಕ್ಕ ಕೊಟ್ಟಿದೆ: ಒಂಬತ್ತು ತಿಂಗಳವರೆಗೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತೆ.

ಇಲ್ಲೊಂದು ಸೂಕ್ಷ್ಮ ಇದೆ. ಟಿವಿಯಲ್ಲಿ ನಾವು ನೋಡೋದು ಅಂಕ. ಆದರೆ ಹೊಸ ಮಂಡಿಗೆ ಹೆಚ್ಚು ಕಷ್ಟ ರಕ್ಷಣೆಯಲ್ಲಿ. ದಾಳಿ ಮಾಡುವಾಗ ಮುಂದಿನ ಹೆಜ್ಜೆ ಎಲ್ಲಿ ಅಂತ ನಿಮಗೆ ಗೊತ್ತಿರುತ್ತೆ, ಕಾಲು ಸಿದ್ಧವಾಗಿರುತ್ತೆ. ರಕ್ಷಣೆಯಲ್ಲಿ ಹೆಜ್ಜೆ ನಿರ್ಧರಿಸೋದು ಎದುರಾಳಿ. ಅವಳು ಎಡಕ್ಕೆ ಸುಳ್ಳು ಹೆಜ್ಜೆ ಹಾಕಿ ಬಲಕ್ಕೆ ನುಗ್ಗಿದರೆ ನಿಮ್ಮ ಮಂಡಿ ಯೋಚಿಸದೆ ಉತ್ತರ ಕೊಡಬೇಕು. ಹಾಗಾಗಿ ಮರಳಿದ ಗಾರ್ಡ್ ಮೊದಲ ದಿನ ನಾಲ್ಕು ತ್ರೀ ಪಾಯಿಂಟರ್ ಹಾಕಿದರೆ "ಹಳೇ ಫಾರ್ಮ್ ಬಂತು" ಅಂತ ಕುಣಿಯಬೇಡಿ. ಅವರಿಗೆ ಎದುರಾಳಿ ತಂಡದ ಯಾರನ್ನು ಕಾಯೋಕೆ ಬಿಟ್ಟಿದ್ದಾರೆ ಅಂತ ನೋಡಿ.

ಪೇಜ್ ಬೆಕರ್ಸ್: ಹಗುರ ಮಾಡಬೇಕಿದ್ದ ಹೊರೆ ಹೆಚ್ಚಾಯ್ತು

ಯುಕಾನ್‌ನ ಇನ್ನೊಬ್ಬ ಗಾರ್ಡ್ ಪೇಜ್ ಬೆಕರ್ಸ್. 2021ರಲ್ಲಿ, ಮೊದಲ ವರ್ಷದಲ್ಲೇ, ಅಸೋಸಿಯೇಟೆಡ್ ಪ್ರೆಸ್‌ನ ವರ್ಷದ ಆಟಗಾರ್ತಿ ಪ್ರಶಸ್ತಿ ಪಡೆದವರು. ಮಹಿಳಾ ಕಾಲೇಜು ಆಟದಲ್ಲಿ ಮೊದಲ ವರ್ಷದವರು ಯಾರೂ ಅಲ್ಲಿವರೆಗೆ ಅದನ್ನು ಪಡೆದಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ನೊಟ್ರ್ ಡೇಮ್ ವಿರುದ್ಧದ ಪಂದ್ಯದ ಕೊನೇ ನಿಮಿಷದಲ್ಲಿ ಮಂಡಿಯ ಮೂಳೆ ಬಿರುಕು ಬಿಟ್ಟಿತು, ಮೆನಿಸ್ಕಸ್ ಹರಿಯಿತು. 2022ರ ಫೆಬ್ರುವರಿ ಕೊನೆಯಲ್ಲಿ ವಾಪಸ್ ಬಂದರು, ಆರಂಭದಲ್ಲಿ ಕೆಲವೇ ನಿಮಿಷ. ಮಾರ್ಚ್ ಕೊನೆಯ ಹೊತ್ತಿಗೆ ಎರಡು ಹೆಚ್ಚುವರಿ ಅವಧಿಗೆ ಹೋದ ಎನ್‌ಸಿ ಸ್ಟೇಟ್ ವಿರುದ್ಧದ ಪಂದ್ಯದಲ್ಲಿ 27 ಅಂಕ ಗಳಿಸಿ ತಂಡವನ್ನು ಫೈನಲ್ ಫೋರ್‌ಗೆ ಒಯ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗಸ್ಟ್‌ನಲ್ಲಿ ಗೆಳೆಯರ ಜೊತೆಗಿನ ಒಂದು ಆಟದಲ್ಲಿ ಎಸಿಎಲ್ ಹರಿಯಿತು. 2022-23ರ ಇಡೀ ಸೀಸನ್ ಬೆಂಚಿನಲ್ಲಿ.

ಬೇಗ ಮರಳಿದ್ದಕ್ಕೇ ಎಸಿಎಲ್ ಹರಿಯಿತು ಅಂತ ಹೇಳೋಕೆ ಆಗಲ್ಲ, ಹೇಳಲೂಬಾರದು. ಅವು ಬೇರೆ ಬೇರೆ ಗಾಯಗಳು. ನಾನು ಹೇಳ್ತಿರೋದು ಮುಂದಿನ ವರ್ಷದ ಬಗ್ಗೆ. 2023ರ ನವೆಂಬರ್‌ನಲ್ಲಿ ಬೆಕರ್ಸ್ ಮರಳಿದಾಗ ಪಕ್ಕದಲ್ಲಿ ಫಡ್ ಇರ್ತಾರೆ, ಹೊರೆ ಹಂಚಿಹೋಗುತ್ತೆ ಅನ್ನೋ ಲೆಕ್ಕ ಇತ್ತು. ಎರಡೇ ಪಂದ್ಯಕ್ಕೆ ಫಡ್ ಔಟ್. ಆಮೇಲೆ ಒಬ್ಬರ ಹಿಂದೆ ಒಬ್ಬರು ಗಾಯಗೊಂಡರು. ಎತ್ತರದ ಆಟಗಾರ್ತಿಯರೇ ಸಾಲದೆ ಹೋದಾಗ ಬೆಕರ್ಸ್ ಪವರ್ ಫಾರ್ವರ್ಡ್ ಜಾಗದಲ್ಲೂ ಆಡಿದರು. ಅಂದರೆ ತಮಗಿಂತ ಎತ್ತರದವರ ಜೊತೆ ರಿಂಗಿನ ಕೆಳಗೆ ತಳ್ಳಾಟ, ಜೊತೆಗೆ ಚೆಂಡು ಒಯ್ಯುವ ಕೆಲಸ, ಜೊತೆಗೆ ಅಂಕ. ಪಂದ್ಯಕ್ಕೆ ಸರಾಸರಿ 21.9 ಅಂಕ! ತಂಡ ಫೈನಲ್ ಫೋರ್‌ನಲ್ಲಿ ಅಯೋವಾಗೆ 71-69ರಿಂದ ಸೋತಿತು.

ಅದ್ಭುತ ಸೀಸನ್ ಅದು, ಅನುಮಾನವೇ ಇಲ್ಲ. ಆದರೆ ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಹೇಳಿಕೊಡೋ ಒಂದು ಪಾಠ ಇದೆ: ಒಂದೇ ಬೋಲ್ಟ್ ಮೇಲೆ ಇಡೀ ಸೇತುವೆ ನಿಂತಿದ್ದರೆ, ಆ ಬೋಲ್ಟ್ ಎಷ್ಟೇ ಗಟ್ಟಿ ಇರಲಿ, ಅದು ಕೆಟ್ಟ ವಿನ್ಯಾಸ. ಒಂದು ವರ್ಷ ಸೇತುವೆ ಬೀಳಲಿಲ್ಲ ಅನ್ನೋದು ವಿನ್ಯಾಸ ಸರಿ ಇತ್ತು ಅನ್ನೋದಕ್ಕೆ ಸಾಕ್ಷಿ ಅಲ್ಲ.

ಆಜಿ ಫಡ್: ಕೆಲಸ ಕಿರಿದಾಯ್ತು, ಆಟ ಹಿರಿದಾಯ್ತು

2024ರ ನವೆಂಬರ್‌ನಲ್ಲಿ ಫಡ್ ಮರಳಿದ ತಂಡ ಬೇರೆಯೇ ಇತ್ತು. ಚೆಂಡು ಒಯ್ಯೋಕೆ ಪ್ರಿನ್ಸ್‌ಟನ್‌ನಿಂದ ಬಂದ ಕೇಟ್ಲಿನ್ ಚೆನ್ ಮತ್ತು ಕೆಕೆ ಆರ್ನಲ್ಡ್ ಇದ್ದರು. ಆಟ ಕಟ್ಟೋಕೆ ಬೆಕರ್ಸ್. ರಿಂಗಿನ ಹತ್ತಿರದ ಕೆಲಸಕ್ಕೆ ಮೊದಲ ವರ್ಷದ ಸಾರಾ ಸ್ಟ್ರಾಂಗ್. ಫಡ್‌ಗೆ ಉಳಿದದ್ದು ಅವರು ಎಲ್ಲರಿಗಿಂತ ಚೆನ್ನಾಗಿ ಮಾಡುವ ಕೆಲಸ: ಸಹ ಆಟಗಾರ್ತಿಯರು ಅಡ್ಡ ನಿಂತು ಕೊಡುವ ಸ್ಕ್ರೀನ್ ಸುತ್ತ ಓಡಿ, ಚೆಂಡು ಕೈಗೆ ಸಿಕ್ಕ ಕ್ಷಣದಲ್ಲೇ ಹೊಡೆಯೋದು.

ಇದು ಹಗುರ ಕೆಲಸ ಅಂದುಕೊಳ್ಳಬೇಡಿ. ಚೆಂಡಿಲ್ಲದೆ ಓಡೋದು ದಣಿವಿನ ಕೆಲಸ. ಆದರೆ ಇದರಲ್ಲಿ ಎರಡು ಲಾಭ. ಒಂದು, ಓಟದ ಹಾದಿ ಮೊದಲೇ ಗೊತ್ತಿರುತ್ತೆ. ಪ್ರತಿ ಸಲ ಗುಂಪಿನೊಳಗೆ ನುಗ್ಗಿ, ಗಾಳಿಯಲ್ಲಿ ಡಿಕ್ಕಿ ತಿಂದು, ಹೇಗೆ ಇಳೀತೀವಿ ಅಂತ ಗೊತ್ತಿಲ್ಲದೆ ಇಳಿಯೋದು ತಪ್ಪುತ್ತೆ. ಎರಡು, ಒಂದು ದಿನ ಮಂಡಿ ನೋಯ್ತಿದೆ ಅಂದರೆ ಹತ್ತು ನಿಮಿಷ ಕಡಿಮೆ ಆಡಿಸಬಹುದು, ತಂಡ ಕುಸಿಯೋದಿಲ್ಲ. ಈ ಎರಡನೆಯದು ಮುಖ್ಯ. ಮರಳಿದ ಆಟಗಾರ್ತಿ "ಇವತ್ತು ಆಗಲ್ಲ" ಅಂತ ಹೇಳಬೇಕಾದರೆ, ಹಾಗೆ ಹೇಳಿದರೂ ತಂಡ ನಡೆಯುತ್ತೆ ಅನ್ನೋ ವ್ಯವಸ್ಥೆ ಇರಬೇಕು. ಇಲ್ಲದಿದ್ದರೆ ಯಾರು ಬಾಯಿ ಬಿಡ್ತಾರೆ?

ದಾರಿ ನೇರವಾಗಿಯೂ ಇರಲಿಲ್ಲ. ಮೊದಲ ಪಂದ್ಯಗಳಲ್ಲಿ ನಿಮಿಷಗಳ ಮಿತಿ. ಡಿಸೆಂಬರ್‌ನಲ್ಲಿ ಮತ್ತೆ ಮಂಡಿ ಉಳುಕಿ ಕೆಲವು ಪಂದ್ಯ ತಪ್ಪಿದವು. 2025ರ ಫೆಬ್ರುವರಿ 16ರಂದು ಸೌತ್ ಕ್ಯಾರೊಲಿನಾದ ಸ್ವಂತ ಅಂಗಳದಲ್ಲಿ, 71 ಪಂದ್ಯಗಳಿಂದ ತವರಲ್ಲಿ ಸೋಲದ ತಂಡದ ವಿರುದ್ಧ, ಫಡ್ 28 ಅಂಕ ಗಳಿಸಿದರು. ಯುಕಾನ್ 87-58ರಿಂದ ಗೆದ್ದಿತು. ಏಪ್ರಿಲ್‌ನ ಫೈನಲ್ ಅದರ ಮುಂದುವರಿಕೆ: ಫಡ್ 24, ಸ್ಟ್ರಾಂಗ್ 24, ಬೆಕರ್ಸ್ 17. ಸೇತುವೆ ಮೂರು ಕಂಬದ ಮೇಲೆ ನಿಂತಿತ್ತು.

ತೀರ್ಮಾನ ಯಾರದು?

ಇನ್ನು ರಾಜಕೀಯಕ್ಕೆ ಬರೋಣ. ಹೌದು, ಇದರಲ್ಲಿ ರಾಜಕೀಯ ಇದೆ.

ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ನಿಯಮದಲ್ಲಿ, ಗಾಯಗೊಂಡವರು ಅಂಗಳಕ್ಕೆ ಇಳಿಯಬಹುದೋ ಇಲ್ಲವೋ ಅನ್ನೋ ಕೊನೆಯ ಮಾತು ವೈದ್ಯಕೀಯ ಸಿಬ್ಬಂದಿಯದ್ದು, ಕೋಚ್‌ನದ್ದಲ್ಲ. ಒಳ್ಳೆಯ ನಿಯಮ. ಆದರೆ "ಆಡಬಹುದು" ಅಂದ ಮೇಲೆ ಎಷ್ಟು ಹೊತ್ತು, ಯಾವ ಜಾಗದಲ್ಲಿ, ಯಾರ ವಿರುದ್ಧ ಅನ್ನೋದು ಕೋಚ್ ಕೈಗೆ ಹೋಗುತ್ತೆ. ಕೋಚ್‌ಗೆ ಗೆಲ್ಲಬೇಕು. ವೈದ್ಯರಿಗೂ ಕೋಚ್‌ಗೂ ಸಂಬಳ ಬರೋದು ಬಹುತೇಕ ಒಂದೇ ಕ್ಯಾಂಪಸ್ಸಿನಿಂದ. ಆಟಗಾರ್ತಿಗೆ ಐದು ವರ್ಷದಲ್ಲಿ ನಾಲ್ಕು ಸೀಸನ್ ಅನ್ನೋ ಗಡಿಯಾರ ಓಡ್ತಾ ಇರುತ್ತೆ. ಗಾಯಕ್ಕೆ ಹೆಚ್ಚುವರಿ ವರ್ಷ ಸಿಗಬಹುದು, ಆದರೆ ಅದಕ್ಕೆ ಷರತ್ತಿದೆ: ಗಾಯ ಸೀಸನ್ನಿನ ಮೊದಲರ್ಧದಲ್ಲಿ ಆಗಿರಬೇಕು, ಆಡಿದ ಪಂದ್ಯಗಳು ಶೇ 30 ದಾಟಿರಬಾರದು.

ಹಣದ ಕಥೆ ಇನ್ನೂ ಕಹಿ. 2013ರ ಮಾರ್ಚ್ 31ರಂದು ಲೂಯಿವಿಲ್‌ನ ಗಾರ್ಡ್ ಕೆವಿನ್ ವೇರ್ ಅವರ ಕಾಲು ಟಿವಿ ಕ್ಯಾಮೆರಾ ಎದುರೇ ಮುರಿಯಿತು, ಮೂಳೆ ಹೊರಗೆ ಬಂತು. ಕೆಲವೇ ದಿನದಲ್ಲಿ ಅವರ ಜೆರ್ಸಿ ಸಂಖ್ಯೆಯನ್ನು ನೆನಪಿಸುವ ಟೀಶರ್ಟನ್ನು ಅಡಿಡಾಸ್ ಮಾರಾಟಕ್ಕಿಟ್ಟಿತು. ಟೀಕೆ ಬಂದ ಮೇಲೆ ಹಿಂದಕ್ಕೆ ಪಡೆಯಿತು. ಆಗಿನ ನಿಯಮದಂತೆ ವೇರ್ ಅದರಿಂದ ಒಂದು ಪೈಸೆಯನ್ನೂ ಮುಟ್ಟುವಂತಿರಲಿಲ್ಲ. ಮುಂದಿನ ಸೀಸನ್ನಿನಲ್ಲಿ ಕೆಲವೇ ಪಂದ್ಯ ಆಡಿ, ಜಾರ್ಜಿಯಾ ಸ್ಟೇಟ್‌ಗೆ ಹೋದರು. ಅಲ್ಲಿ ಹೊಸ ಪಾತ್ರ ಸಿಕ್ಕಿತು, 2015ರಲ್ಲಿ ತಂಡ ರಾಷ್ಟ್ರೀಯ ಟೂರ್ನಿಗೂ ಹೋಯಿತು.

2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ಹಣ ಗಳಿಸಬಹುದು. ಬೆಕರ್ಸ್ ಅದೇ ನವೆಂಬರ್‌ನಲ್ಲಿ ಗೇಟೊರೇಡ್ ಜೊತೆ ಒಪ್ಪಂದ ಮಾಡಿಕೊಂಡರು, ಮರುತಿಂಗಳೇ ಗಾಯಗೊಂಡರು. ಇಡೀ ಸೀಸನ್ ಕೂತರೂ ಜೇಬು ಖಾಲಿ ಆಗಲ್ಲ ಅನ್ನೋದು ಮಂಡಿಗೂ ಒಳ್ಳೆಯದೇ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಹೌಸ್ ಪ್ರಕರಣದ ರಾಜಿಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ. ಆದರೆ ಇದು ಎರಡಲಗಿನ ಕತ್ತಿ. ಸಂಬಳದ ಹಾಗೆ ದುಡ್ಡು ಕೊಡುವವರು "ಯಾವಾಗ ಇಳೀತೀಯ?" ಅಂತ ಕೇಳೋದೂ ಜಾಸ್ತಿ ಆಗುತ್ತೆ. ಇಷ್ಟಾದರೂ ಆಟಗಾರರನ್ನು ಉದ್ಯೋಗಿಗಳು ಅಂತ ಎನ್‌ಸಿಎಎ ಒಪ್ಪಿಲ್ಲ. ಉದ್ಯೋಗಿ ಅಲ್ಲದಿದ್ದರೆ ಕೆಲಸದಲ್ಲಿ ಗಾಯಗೊಂಡವರಿಗೆ ಸಿಗುವ ಕಾನೂನಿನ ಪರಿಹಾರವೂ ಇಲ್ಲ.

ಮಹಿಳೆಯರ ವಿಷಯದಲ್ಲಿ ಇನ್ನೊಂದು ಪದರ. ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಹುಡುಗಿಯರಿಗೆ ಎಸಿಎಲ್ ಹರಿಯುವ ಸಾಧ್ಯತೆ ಹುಡುಗರಿಗಿಂತ ಎರಡು ಪಟ್ಟಿಗೂ ಹೆಚ್ಚು ಅಂತ ಅಧ್ಯಯನಗಳು ಹೇಳುತ್ತವೆ. ಕಾರಣ ಕೇಳಿದರೆ ಸೊಂಟದ ಅಗಲ, ಹಾರ್ಮೋನು ಅಂತ ದೇಹದ ಕಡೆಗೇ ಬೆರಳು. ಇರಬಹುದು. ಆದರೆ 2021ರ ರಾಷ್ಟ್ರೀಯ ಟೂರ್ನಿಯಲ್ಲಿ ಪುರುಷರಿಗೆ ದೊಡ್ಡ ಜಿಮ್, ಮಹಿಳೆಯರಿಗೆ ಡಂಬೆಲ್‌ಗಳ ಒಂದು ಸ್ಟ್ಯಾಂಡ್ ಇಟ್ಟಿದ್ದ ವಿಡಿಯೊ ಲೋಕಕ್ಕೆಲ್ಲ ಗೊತ್ತು. ಮಂಡಿಯನ್ನು ಕಾಯೋದು ತೊಡೆಯ ಸ್ನಾಯು. ತೊಡೆಯ ಸ್ನಾಯು ಬೆಳೆಯೋದು ಜಿಮ್ಮಿನಲ್ಲಿ. ಎಲ್ಲವನ್ನೂ ಪ್ರಕೃತಿಯ ತಲೆಗೆ ಕಟ್ಟೋದು ಆಡಳಿತಕ್ಕೆ ಅಗ್ಗದ ದಾರಿ.

ಹಾಗಾದರೆ ಏನು ನೋಡಬೇಕು?

ನೀವು ಹಿಂಬಾಲಿಸುವ ಯಾವುದೇ ತಂಡದ ಗಾರ್ಡ್ ಗಾಯದಿಂದ ಮರಳಿದಾಗ ಅಂಕಪಟ್ಟಿ ಬಿಟ್ಟು ಇಷ್ಟನ್ನು ಗಮನಿಸಿ. ಚೆಂಡು ಒಯ್ಯೋಕೆ ಇನ್ನೊಬ್ಬರು ಇದ್ದಾರಾ? ರಕ್ಷಣೆಯಲ್ಲಿ ಎದುರಾಳಿಯ ಅತಿ ವೇಗದವಳನ್ನು ಇವರಿಗೇ ಕಟ್ಟಿದ್ದಾರಾ? ಪಂದ್ಯ ಬಿಗಿಯಾದಾಗ ನಿಮಿಷಗಳ ಮಿತಿ ಗಾಳಿಗೆ ಹೋಗುತ್ತಾ? ತಂಡ ಸೋಲ್ತಿರುವಾಗಲೂ ಆ ಮಿತಿ ಉಳಿದರೆ, ಅಲ್ಲಿ ಯಾರೋ ಈ ಹುಡುಗಿಯ ಮುಂದಿನ ಹತ್ತು ವರ್ಷದ ಬಗ್ಗೆ ಯೋಚಿಸ್ತಿದ್ದಾರೆ ಅಂತ ಅರ್ಥ. ಉಳಿಯದಿದ್ದರೆ ನಾವು ತಟ್ಟುವ ಚಪ್ಪಾಳೆಯೂ ಆ ಮಂಡಿಯ ಮೇಲಿನ ಹೊರೆಯೇ.