ಕೃತಜ್ಞತೆ ಪುಟದಲ್ಲಿ ಇನ್ನೊಂದು ಸಾಲು

ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಯಾರೂ ಓದದ ಪುಟವೊಂದಿದ್ದರೆ ಅದು ಕೃತಜ್ಞತೆಯ ಪುಟ. ಸೀನಿಯರ್‌ಗಳ ಫೈಲಿನಿಂದ ಕಾಪಿ ಮಾಡಿ, ಗೈಡ್ ಹೆಸರು ಬದಲಿಸಿದರೆ ಮುಗಿಯಿತು. ನಮ್ಮ ಬ್ಯಾಚಿನ ಒಂದು ತಂಡ ಅದನ್ನೂ ಮರೆತು, ಹಿಂದಿನ ವರ್ಷವೇ ನಿವೃತ್ತರಾಗಿದ್ದ ಮೇಷ್ಟ್ರಿಗೆ ಧನ್ಯವಾದ ಹೇಳಿ ಬೈಂಡಿಂಗ್ ಮಾಡಿಸಿಬಿಟ್ಟಿತ್ತು!

ನಾನೂ ಹಾಗೇ ಕಾಪಿ ಹೊಡೆಯುತ್ತಿದ್ದೆನೇನೋ. ಆದರೆ ಮೊದಲ ರಿವ್ಯೂಗೆ ಎರಡೇ ದಿನ ಇರುವಾಗ ಲ್ಯಾಬಿನ ಸರ್ಕಿಟ್ ಸಿಮ್ಯುಲೇಶನ್ ಸಾಫ್ಟ್‌ವೇರಿನ ಲೈಸೆನ್ಸ್ ಮುಗಿದುಹೋಯಿತು. ನಾವೇ ಕೊಳ್ಳೋಣವೆಂದರೆ ಅದರ ಬೆಲೆಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. 'ಎನ್‌ಜಿಸ್ಪೈಸ್ ಹಾಕ್ಕೋ, ದುಡ್ಡು ಕೊಡ್ಬೇಕಿಲ್ಲ' ಎಂದಳು ಗೆಳತಿ. ಹಾಕಿಕೊಂಡೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಚೆನ್ನಾಗಿಯೇ ಓಡಿತು. ಉತ್ತರ ಮಾತ್ರ ತಪ್ಪು. ಎಷ್ಟು ಸಲ ರನ್ ಮಾಡಿದರೂ ಆಂಪ್ಲಿಫೈಯರ್‌ಗೆ ಕರೆಂಟೇ ಬಂದಿಲ್ಲವೇನೋ ಎಂಬಂತಿತ್ತು ಔಟ್‌ಪುಟ್.

ರಾತ್ರಿ ಒಂದೂವರೆಗೆ ಮ್ಯಾನ್ಯುಯಲ್ ತೆರೆದಾಗ ಗೊತ್ತಾಯಿತು. ಸ್ಪೈಸ್ ಫೈಲಿನ ಮೊದಲ ಸಾಲು ಯಾವಾಗಲೂ ಶೀರ್ಷಿಕೆ. ನಾನು ಅಲ್ಲೇ ಸಪ್ಲೈ ವೋಲ್ಟೇಜ್ ಬರೆದಿದ್ದೆ. ಅದನ್ನು ಸರ್ಕಿಟ್ಟಿನ ಹೆಸರೆಂದುಕೊಂಡು ಸಾಫ್ಟ್‌ವೇರ್ ಪಕ್ಕಕ್ಕಿಟ್ಟಿತ್ತು! ಇನ್ನೊಂದು ತಪ್ಪೂ ಸಿಕ್ಕಿತು. ಮೆಗಾ ಓಮ್ ಎಂದುಕೊಂಡು ದೊಡ್ಡ 'ಎಂ' ಹಾಕಿದ್ದೆ. ಸ್ಪೈಸ್‌ಗೆ ಸಣ್ಣದಾದರೂ ದೊಡ್ಡದಾದರೂ 'ಎಂ' ಎಂದರೆ ಮಿಲಿ. ಮೆಗಾಗೆ 'ಮೆಗ್' ಎಂದೇ ಬರೆಯಬೇಕು.

ಇದೆಂಥ ಹಠ ಎಂದು ಬೈದುಕೊಂಡೇ ಇದರ ಹಿಂದೆ ಹೋದೆ. ಸ್ಪೈಸ್ ಪಂಚ್ ಕಾರ್ಡ್ ಕಾಲದ ಕೂಸು. ಮೊದಲ ಕಾರ್ಡಿನಲ್ಲಿ ಶೀರ್ಷಿಕೆ, ಉಳಿದವುಗಳಲ್ಲಿ ಸರ್ಕಿಟ್. ಅಕ್ಷರಗಳೆಲ್ಲ ದೊಡ್ಡವೇ. ಅದಕ್ಕಿಂತ ಬೆರಗಾಗಿಸಿದ ಸಂಗತಿಯೆಂದರೆ, ಇದು ಹುಟ್ಟಿದ್ದು ಕಂಪನಿಯಲ್ಲಲ್ಲ, ನಮ್ಮಂಥವರು ಕೂತಿದ್ದ ತರಗತಿಯಲ್ಲಿ!

1969–70ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಾನ್ ರೋರರ್ ಎಂಬ ಪ್ರಾಧ್ಯಾಪಕರು ಪಾಠ ಮಾಡುವ ಬದಲು, ಸರ್ಕಿಟ್ ಸಿಮ್ಯುಲೇಟರ್ ಅನ್ನು ನೀವೇ ಬರೆಯಿರಿ ಎಂದುಬಿಟ್ಟರು. ತೀರ್ಪು ಕೊಡುವವರು ಇನ್ನೊಬ್ಬ ಪ್ರಾಧ್ಯಾಪಕ ಡೊನಾಲ್ಡ್ ಪೆಡರ್ಸನ್. ಅವರು ಒಪ್ಪಿದರೆ ಇಡೀ ಕ್ಲಾಸ್ ಪಾಸ್. ಲ್ಯಾರಿ ನಾಗೆಲ್ ಮತ್ತು ಸಹಪಾಠಿಗಳು ಫೋರ್ಟ್ರಾನ್‌ನಲ್ಲಿ ಬರೆದ ಆ ಪ್ರೋಗ್ರಾಮಿನ ಹೆಸರು ಕ್ಯಾನ್ಸರ್! ಇಂಗ್ಲಿಷಿನ ಉದ್ದ ಹೆಸರೊಂದರ ಮೊದಲಕ್ಷರಗಳು ಅವು. ಅದರ ಕೊನೆಯಲ್ಲಿ 'ವಿಕಿರಣ ಬಿಟ್ಟು' ಎಂಬ ಮಾತಿತ್ತು. ಆಗಿನ ಇಂಥ ಪ್ರೋಗ್ರಾಮುಗಳಲ್ಲಿ ಹೆಚ್ಚಿನವು ರಕ್ಷಣಾ ಇಲಾಖೆಯ ಹಣದಿಂದ ತಯಾರಾಗುತ್ತಿದ್ದವು. ವಿಕಿರಣಕ್ಕೆ ಸಿಕ್ಕ ಸರ್ಕಿಟ್ ಏನಾಗುತ್ತದೆಂದು ಅವು ಹೇಳಬೇಕಿತ್ತು. ಇವರದು ಅದರ ಗೊಡವೆಗೇ ಹೋಗಲಿಲ್ಲ.

ಯಾರು ಬೇಕಾದರೂ ಬಳಸುವಂತಿರಬೇಕು ಎಂದು ಪೆಡರ್ಸನ್ ಪಟ್ಟು ಹಿಡಿದರು. ಅದರಿಂದ ಬೆಳೆದ ಸ್ಪೈಸ್ 1973ರಲ್ಲಿ ಹೊರಬಂತು. 1975ರಲ್ಲಿ ನಾಗೆಲ್ ಪಿಎಚ್‌.ಡಿ.ಯ ಸ್ಪೈಸ್-2, 1989ರಲ್ಲಿ ಥಾಮಸ್ ಕ್ವಾರ್ಲ್ಸ್ ಸಿ ಭಾಷೆಯಲ್ಲಿ ಬರೆದ ಸ್ಪೈಸ್-3. ಅದನ್ನೇ ಆಧಾರವಾಗಿಟ್ಟುಕೊಂಡದ್ದು ಎನ್‌ಜಿಸ್ಪೈಸ್. ಐಐಟಿ ಬಾಂಬೆಯ ಫಾಸ್ಸಿ ತಂಡದ ಇ-ಸಿಮ್ ಒಳಗೆ ದುಡಿಯುವುದೂ ಇದೇ. ಲೈಸೆನ್ಸ್ ಮುಗಿದಿದ್ದ ನಮ್ಮ ಲ್ಯಾಬಿನ ದುಬಾರಿ ಸಾಫ್ಟ್‌ವೇರ್ ಕೂಡ ಇದೇ ವಂಶದ ಕುಡಿ ಎಂದು ತಿಳಿದಾಗ ನಗು ಬಂತು.

ರಿಪೋರ್ಟಿನಲ್ಲಿ ಪ್ರಿನ್ಸಿಪಾಲರ ನಂತರ, ಅಪ್ಪ ಅಮ್ಮನಿಗಿಂತ ಮೊದಲು ಒಂದು ಸಾಲು ಸೇರಿಸಿದೆ: ರೋರರ್, ಪೆಡರ್ಸನ್, ನಾಗೆಲ್, ಅವರ ಸಹಪಾಠಿಗಳು ಮತ್ತು ಎನ್‌ಜಿಸ್ಪೈಸ್‌ಗೆ ಕೋಡ್ ಬರೆದ ಎಲ್ಲರಿಗೂ. ಗೈಡ್ ಕನ್ನಡಕ ಮೇಲೆತ್ತಿ, 'ಇವ್ರೆಲ್ಲ ಯಾರ್ರೀ, ನಮ್ ಕಾಲೇಜಿನವ್ರಾ?' ಎಂದರು. ಕತೆ ಹೇಳಿದೆ. 'ಸರಿ, ಇರ್ಲಿ. ಸ್ಪೆಲಿಂಗ್ ನೋಡ್ಕೊಳ್ಳಿ' ಎಂದು ಸಹಿ ಹಾಕಿದರು.

ವೈವಾ ದಿನ ಎಕ್ಸ್‌ಟರ್ನಲ್ ಮೊದಲು ತೆರೆದದ್ದೇ ಆ ಪುಟ. ಓದಿ, ಪುಸ್ತಕ ಮುಚ್ಚಿ, 'ಹಾಗಾದ್ರೆ ಹೇಳಿ, ಸ್ಪೈಸ್ ಫೈಲಲ್ಲಿ ಮೊದಲ್ನೇ ಸಾಲು ಏನಿರ್ಬೇಕು?' ಎಂದರು.

'ಟೈಟಲ್ ಸರ್' ಎಂದೆ. ಇಡೀ ವೈವಾದಲ್ಲಿ ತಡವರಿಸದೆ ಕೊಟ್ಟ ಉತ್ತರ ಅದೊಂದೇ.