ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಹಳೇಕೋಟೆ: ಕಂಪ್ಯೂಟರ್ ಆನ್ ಆಗಲಿಲ್ಲ ಅಂದ್ರೆ ವೈರ್‌ಗಳನ್ನೆಲ್ಲ ಕಿತ್ತು, ಸಿಪಿಯು ಡಬ್ಬವನ್ನು ಬೈಕ್ ಮೇಲಿಟ್ಟುಕೊಂಡು ಹೊಳೆನರಸೀಪುರಕ್ಕೋ ಹಾಸನಕ್ಕೋ ಹೋಗುವುದು ನಮ್ಮ ಕಡೆ ರೂಢಿ. ಅಂಗಡಿಯವರು ಒಮ್ಮೆ ನೋಡಿ, ‘ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು, ಸಂಜೆ ಬನ್ನಿ’ ಅಂತಾರೆ. ಸಂಜೆ ಹೋದರೆ ಕಂಪ್ಯೂಟರ್ ಹೊಸದರಂತೆ ಓಡುತ್ತಿರುತ್ತದೆ. ಮನೆಗೆ ತಂದು ಹಾಕಿದ ಮೇಲೆ ಗೊತ್ತಾಗುತ್ತದೆ, ಡೆಸ್ಕ್‌ಟಾಪ್ ಮೇಲಿದ್ದ ಮದುವೆ ಫೋಟೋ ಇಲ್ಲ, ಅಂಗಡಿ ಲೆಕ್ಕ ಇಲ್ಲ, ಟೈಪ್ ಮಾಡಿಟ್ಟಿದ್ದ ಪತ್ರಗಳೂ ಇಲ್ಲ.

ಇದರಲ್ಲಿ ರಿಪೇರಿಯವರ ಕಡೆಯಿಂದ ಮೋಸ ಏನೂ ಇರೋದಿಲ್ಲ. ಫಾರ್ಮ್ಯಾಟ್ ಅಂದರೆ ಸಾಮಾನ್ಯವಾಗಿ ಸಿ ಡ್ರೈವ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಡಿ ಡ್ರೈವ್ ಮುಟ್ಟುವುದಿಲ್ಲ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇವೆಲ್ಲ ನೋಡೋಕೆ ಬೇರೆ ಬೇರೆ ಜಾಗ ಅನಿಸಿದರೂ ಇರುವುದು ಸಿ ಡ್ರೈವ್ ಒಳಗೇ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೇಳದೆ ಇದ್ದರೆ ಅಂಗಡಿಯವರೂ ಹೇಳುವುದಿಲ್ಲ.

ಇನ್ನೊಂದು ಮಾತು. ಹಾಗೆ ಹೊತ್ತುಕೊಂಡು ಹೋಗುವ ಕಂಪ್ಯೂಟರ್‌ಗಳಲ್ಲಿ ಬಹಳಷ್ಟಕ್ಕೆ ಫಾರ್ಮ್ಯಾಟ್ ಬೇಕಾಗಿಯೇ ಇರುವುದಿಲ್ಲ.

ಆನ್ ಆಗ್ತಿಲ್ಲ, ಪರದೆ ಕಪ್ಪಗಿದೆ

ಮೊದಲು ಪ್ಲಗ್ಗು, ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚು, ಯುಪಿಎಸ್ ನೋಡಿ. ಕಸ ಗುಡಿಸುವಾಗ ಮಾನಿಟರ್ ಕೇಬಲ್ ಸಡಿಲ ಆಗಿರುವುದು ಸಾಮಾನ್ಯ. ಇದೆಲ್ಲ ಸರಿ ಇದ್ದು, ಒಳಗೆ ಫ್ಯಾನ್ ತಿರುಗುತ್ತಿದ್ದು, ಪರದೆ ಮೇಲೆ ಏನೂ ಬರದೆ ‘ಬೀಪ್ ಬೀಪ್’ ಶಬ್ದ ಬರುತ್ತಿದ್ದರೆ ಅನುಮಾನ ರ‍್ಯಾಮ್ ಮೇಲೆ ಹೋಗಬೇಕು. ಕರೆಂಟ್ ವೈರ್ ಪೂರ್ತಿ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಬಿಡಿ. ಸೈಡ್ ಪ್ಲೇಟ್ ಬಿಚ್ಚಿ, ರ‍್ಯಾಮ್ ಪಟ್ಟಿಯ ಕ್ಲಿಪ್ ಒತ್ತಿ ಹೊರಗೆ ತೆಗೆಯಿರಿ. ಅದರ ಕೆಳಗಿನ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ‘ಟಿಕ್’ ಅನ್ನೋವರೆಗೆ ಒತ್ತಿ ಮತ್ತೆ ಕೂರಿಸಿ. ಎಷ್ಟೋ ‘ಸತ್ತ’ ಕಂಪ್ಯೂಟರ್ ಇಷ್ಟಕ್ಕೇ ಎದ್ದು ಕೂರುತ್ತದೆ.

ರಸ್ತೆ ಬದಿ ಅಂಗಡಿ, ಹಿಟ್ಟಿನ ಗಿರಣಿ ಪಕ್ಕದ ಮನೆ ಆದರೆ ಒಳಗೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಪ್ರೊಸೆಸರ್ ಮೇಲಿನ ಫ್ಯಾನ್ ಕಟ್ಟಿಕೊಂಡರೆ ಕಂಪ್ಯೂಟರ್ ಬಿಸಿಯಾಗಿ ಅರ್ಧ ಗಂಟೆಗೊಮ್ಮೆ ತಾನೇ ಆಫ್ ಆಗುತ್ತದೆ. ಇದನ್ನು ವೈರಸ್ ಅಂದ್ಕೊಂಡು ಫಾರ್ಮ್ಯಾಟ್ ಮಾಡಿಸಿದರೆ ಮಾರನೇ ದಿನವೂ ಆಫ್ ಆಗುತ್ತದೆ. ವರ್ಷಕ್ಕೆರಡು ಸಲ ಬ್ಲೋವರ್ ಹೊಡೆಯಿರಿ, ಫ್ಯಾನ್ ರೆಕ್ಕೆಯನ್ನು ಮಾತ್ರ ಬೆರಳಿನಿಂದ ಹಿಡಿದುಕೊಂಡಿರಿ. ಸಿಪಿಯು ಹಿಂಭಾಗದ ಪಟ್ಟಿ ಕಿತ್ತುಹೋಗಿದ್ದರೆ ಆ ತೂತು ಮುಚ್ಚಿಸಿ, ಹಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದೇ ಬರುತ್ತದೆ. ಕರೆಂಟ್ ವೈರ್ ಸಿಕ್ಕಿಸುವ ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ.

ದಿನಾಂಕ ತಪ್ಪಿದ್ದರೆ ಜಿಎಸ್‌ಟಿ ಸೈಟೂ ತೆರೆಯಲ್ಲ

ಬೇರೆಲ್ಲ ಸರಿ ಇದೆ, ಆದರೆ ಬ್ಯಾಂಕ್ ಸೈಟು, ಜಿಎಸ್‌ಟಿ ಸೈಟು ತೆರೆದರೆ ಸುರಕ್ಷಿತ ಅಲ್ಲ ಅನ್ನುವ ಎಚ್ಚರಿಕೆ ಬರುತ್ತದೆ. ಮೊದಲು ಪರದೆಯ ಬಲ ಮೂಲೆಯಲ್ಲಿ ದಿನಾಂಕ ನೋಡಿ. ಎಷ್ಟೋ ವರ್ಷ ಹಿಂದಿನ ತಾರೀಖು ಇದ್ದರೆ ಮದರ್‌ಬೋರ್ಡ್ ಮೇಲಿನ ಬಿಲ್ಲೆ ಸೆಲ್ ಮುಗಿದಿದೆ ಎಂದರ್ಥ. ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ, ತಪ್ಪು ತಾರೀಖಿನ ಕಂಪ್ಯೂಟರ್ ಅದನ್ನು ನಂಬುವುದಿಲ್ಲ. ಸಾಮಾನ್ಯವಾಗಿ ಬೇಕಾಗುವುದು ಸಿಆರ್ 2032 ನಂಬರಿನ ಸೆಲ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಹಾಕಿ, ದಿನಾಂಕ ಸರಿ ಮಾಡಿದರೆ ಆಯಿತು.

ನಿಧಾನ ಆಗಿದೆ ಅನ್ನುವವರಿಗೆ

ವಿಂಡೋಸ್ 10 ಮತ್ತು 11ರಲ್ಲಿ ಶಟ್‌ಡೌನ್ ಕೊಟ್ಟರೆ, ಬೇಗ ಆನ್ ಆಗಲಿ ಅಂತ ಅದು ಹಳೇ ಸ್ಥಿತಿಯ ಒಂದಷ್ಟನ್ನು ಉಳಿಸಿಕೊಂಡಿರುತ್ತದೆ. ಹಾಗಾಗಿ ವಾರಕ್ಕೊಮ್ಮೆ ‘ರೀಸ್ಟಾರ್ಟ್’ ಕೊಡಿ. ಎರಡು ಆಂಟಿವೈರಸ್ ಹಾಕಿದ್ದರೆ ಒಂದನ್ನು ತೆಗೆಯಿರಿ, ಮನೆ ಬಳಕೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಸ್ಟಾರ್ಟಪ್ ಪುಟದಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಸಿ ಡ್ರೈವ್ ಕೆಂಪು ಬಣ್ಣಕ್ಕೆ ತಿರುಗಿದ್ದರೆ ರೀಸೈಕಲ್ ಬಿನ್, ಡೌನ್‌ಲೋಡ್ಸ್ ಖಾಲಿ ಮಾಡಿ. ಇಷ್ಟಾದರೂ ಎಳೆದಾಡುತ್ತಿದ್ದರೆ, ಹಳೇ ಹಾರ್ಡ್‌ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸುವುದು ಹತ್ತು ಸಲ ಫಾರ್ಮ್ಯಾಟ್ ಮಾಡಿಸುವುದಕ್ಕಿಂತ ಮೇಲು.

ಆದರೆ ಹಾರ್ಡ್‌ಡಿಸ್ಕ್‌ನಿಂದ ‘ಟಕ್ ಟಕ್’ ಶಬ್ದ ಬರುತ್ತಿದ್ದರೆ ಬೇರೆ ಪ್ರಯೋಗ ಬೇಡ. ಮುಖ್ಯವಾದ ಫೈಲ್ ತಕ್ಷಣ ಕಾಪಿ ಮಾಡ್ಕೊಳ್ಳಿ, ಕಾಪಿ ಆಗದಿದ್ದರೆ ಆಫ್ ಮಾಡಿ.

ಕರೆಂಟ್ ಹೋಗಿ ಬರುವ ನಮ್ಮ ಹಳ್ಳಿಗಳಲ್ಲಿ ಹಾರ್ಡ್‌ಡಿಸ್ಕ್ ಕೆಡುವುದಕ್ಕೆ ದೊಡ್ಡ ಕಾರಣ ದಿಢೀರ್ ಆಫ್ ಆಗುವುದು. ಯುಪಿಎಸ್ ಇರುವುದು ಕೆಲಸ ಮುಂದುವರಿಸೋಕಲ್ಲ, ಫೈಲ್ ಸೇವ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡೋಕೆ. ಅದಕ್ಕೆ ಲೇಸರ್ ಪ್ರಿಂಟರ್ ಸಿಕ್ಕಿಸಬೇಡಿ, ಭಾರ ತಡೆಯಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತರೆ ಸಾಲದು, ಇಂಟರ್‌ನೆಟ್ ಕೇಬಲ್ಲನ್ನೂ ಕೀಳಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಲೆಕ್ಕ ಎಲ್ಲಿದೆ ಗೊತ್ತಾ?

ಅಂಗಡಿಯವರು ಇದನ್ನು ಗಮನ ಇಟ್ಟು ಓದಬೇಕು. ಟ್ಯಾಲಿ ಹಾಕುವಾಗ ಜಾಗ ಬದಲಿಸದಿದ್ದರೆ ಡೇಟಾ ಕೂರುವುದು ಸಿ ಡ್ರೈವ್‌ನಲ್ಲೇ. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಬ್ಯಾಕಪ್ ಆಯ್ಕೆ ಸಿಗುತ್ತದೆ, ಬ್ಯಾಕಪ್ ಹೋಗುವ ಜಾಗ ಸಿ ಡ್ರೈವ್ ಆಗಿರದಂತೆ ನೋಡಿಕೊಳ್ಳಿ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೇ ದಿನದಿಂದ 72 ತಿಂಗಳು ಲೆಕ್ಕ ಕಾಪಾಡಬೇಕು. ಲೆಕ್ಕ ಕಂಪ್ಯೂಟರ್‌ನಲ್ಲಿದ್ದರೆ ಬ್ಯಾಕಪ್ ಇರಲೇಬೇಕು ಅಂತ ನಿಯಮವೇ ಇದೆ. ‘ಫಾರ್ಮ್ಯಾಟ್‌ನಲ್ಲಿ ಹೋಯ್ತು ಸಾರ್’ ಅನ್ನುವ ಉತ್ತರ ಅಲ್ಲಿ ನಡೆಯಲ್ಲ.

ಬ್ಯಾಕಪ್‌ಗೆ ಪೆನ್‌ಡ್ರೈವ್ ನೆಚ್ಚಿಕೊಳ್ಳಬೇಡಿ, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇರಲಿ. ಕಾಪಿ ಆದ ಮೇಲೆ ಕಿತ್ತು ಬೇರೆ ಕಡೆ ಇಡಿ. ಯಾಕೆಂದರೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಬಂದರೆ, ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ತೀರಾ ಮುಖ್ಯವಾದವಕ್ಕೆ ಗೂಗಲ್ ಡ್ರೈವ್ ಇನ್ನೊಂದು ದಾರಿ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ತೊಂದರೆ ಇದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೇ ಅಕ್ಷರಗಳಲ್ಲಿ ಬರೆದ ಪತ್ರ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಫಾರ್ಮ್ಯಾಟ್ ಆದ ಮೇಲೆ ಫೈಲ್ ಕೆಟ್ಟಿದೆ ಅಂತ ಅಳಿಸಿಬಿಡಬೇಡಿ, ನುಡಿ ಮತ್ತೆ ಹಾಕಿದರೆ ಅಕ್ಷರ ವಾಪಸ್ ಬರುತ್ತದೆ. ಹೊಸದನ್ನು ಯೂನಿಕೋಡ್‌ನಲ್ಲೇ ಬರೆಯಿರಿ.

ಅಂಗಡಿಗೆ ಕೊಡಲೇಬೇಕಾದಾಗ

ಪರದೆ ತುಂಬ ಎಚ್ಚರಿಕೆ ತೋರಿಸಿ ‘ಈ ನಂಬರಿಗೆ ಫೋನ್ ಮಾಡಿ’ ಅಂದರೆ ಮಾಡಬೇಡಿ, ಮೈಕ್ರೋಸಾಫ್ಟ್ ಹಾಗೆ ನಂಬರ್ ಕೊಡುವುದಿಲ್ಲ. ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ 11 ಹಾಕಿಸೋಕೆ ಬಹಳ ಜನ ಈಗ ಅಂಗಡಿಗೆ ಹೋಗ್ತಿದ್ದಾರೆ. ಹೋಗುವ ಮುಂಚೆ ಒಂದು ಚೀಟಿ ಬರೆದು ಸಿಪಿಯುಗೆ ಅಂಟಿಸಿ: ‘ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಟ್ಯಾಲಿ ಡೇಟಾ ಕಾಪಿ ಮಾಡದೆ ಫಾರ್ಮ್ಯಾಟ್ ಮಾಡಬೇಡಿ.’ ವಿಂಡೋಸ್ ತೆರೆಯದಿದ್ದರೂ ಡಿಸ್ಕ್ ಚೆನ್ನಾಗಿದ್ದರೆ ಅದನ್ನು ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿ ಫೈಲ್ ತೆಗೆಯಬಹುದು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೇ ಬೀಗ ಇರುತ್ತದೆ, ಅದರ ರಿಕವರಿ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಆಗಲೇ ಫಾರ್ಮ್ಯಾಟ್ ಆಗಿಹೋಗಿದ್ದರೆ ಆ ಕಂಪ್ಯೂಟರ್‌ಗೆ ಹೊಸದೇನೂ ಹಾಕದೆ ಆಫ್ ಮಾಡಿಡಿ. ಹಳೇ ಹಾರ್ಡ್‌ಡಿಸ್ಕ್ ಆದರೆ ರಿಕವರಿ ಮಾಡುವವರು ಒಂದಷ್ಟಾದರೂ ತೆಗೆದುಕೊಡಬಹುದು, ಎಸ್‌ಎಸ್‌ಡಿ ಆದರೆ ಸಿಗುವುದು ಕಷ್ಟ.