ಧಣಿಯ ವಿಮಾನವೋ, ಪಟ್ಟಿಯ ಕೊನೆಯ ಸಾಲೋ?

ನ್ಯೂಯಾರ್ಕ್ ನಗರದ ಹೃದಯಭಾಗದಿಂದ ಸುಮಾರು 12 ಮೈಲಿ ದೂರದಲ್ಲಿ, ನೆರೆಯ ನ್ಯೂಜೆರ್ಸಿ ರಾಜ್ಯದಲ್ಲಿ, ಟೀಟರ್‌ಬರೋ ಎಂಬ ವಿಮಾನ ನಿಲ್ದಾಣವಿದೆ. ಟಿಕೆಟ್ಟು ಕೊಂಡು ಪ್ರಯಾಣ ಮಾಡುವ ನಮ್ಮಂಥವರಿಗೆ ಇದರ ಹೆಸರು ತಿಳಿಯುವ ಸಂದರ್ಭವೇ ಬರುವುದಿಲ್ಲ. ಏಕೆಂದರೆ ವೇಳಾಪಟ್ಟಿಯಂತೆ ಸಂಚರಿಸುವ ವಿಮಾನ ಇಲ್ಲಿಂದ ಒಂದೂ ಹೊರಡುವುದಿಲ್ಲ. ಒಂದು ಲಕ್ಷ ಪೌಂಡಿಗಿಂತ ಭಾರವಾದ ವಿಮಾನಕ್ಕೆ ಪ್ರವೇಶವೂ ಇಲ್ಲ. ಇಲ್ಲಿ ಬಂದಿಳಿಯುವುವು ಬಹುಮಟ್ಟಿಗೆ ದೊಡ್ಡ ಉದ್ಯಮಗಳ ಹಾಗೂ ಅವುಗಳ ಒಡೆಯರ ಸ್ವಂತ ಜೆಟ್ಟುಗಳು. ಅವುಗಳನ್ನು ನಡೆಸುವವರಿಗೆ ಅಮೆರಿಕದಲ್ಲಿ ‘ಕಾರ್ಪೊರೇಟ್ ಪೈಲಟ್’ ಎಂದು ಹೆಸರು. ಟೀಟರ್‌ಬರೋದಿಂದ ನೆವಾರ್ಕಿನ ಮಹಾನಿಲ್ದಾಣ ಹೆಚ್ಚು ದೂರವೇನಲ್ಲ. ಆದರೆ ಧಣಿಯ ಜೆಟ್ಟಿನಿಂದ ಇಳಿದು, ನೆವಾರ್ಕಿನಲ್ಲಿ ನಿಂತಿರುವ ಯುನೈಟೆಡ್ ಕಂಪೆನಿಯ ವಿಮಾನವನ್ನು ನಾಯಕನಾಗಿ ಏರಬೇಕೆಂದರೆ, ಅಷ್ಟು ಸ್ವಲ್ಪ ದೂರಕ್ಕೆ ವರುಷಗಳೇ ಹಿಡಿಯುತ್ತವೆ.

ಏಕೆ ಹೀಗೆ? ನಲವತ್ತು ವಯಸ್ಸಿನ ಒಬ್ಬ ವೈಮಾನಿಕನನ್ನು ವಾಚಕರು ಊಹಿಸಿಕೊಳ್ಳಲಿ. ಹೆಂಡತಿ, ಶಾಲೆಗೆ ಹೋಗುವ ಎರಡು ಮಕ್ಕಳು, ಸಾಲದ ಮೇಲೆ ಕೊಂಡ ಮನೆ. ಹತ್ತು ಹನ್ನೆರಡು ವರ್ಷಗಳಿಂದ ಒಂದೇ ಉದ್ಯಮದ ಜೆಟ್ಟನ್ನು ನಡೆಸುತ್ತಿದ್ದಾನೆ. ಸಂಬಳಕ್ಕೆ ಕೊರತೆಯಿಲ್ಲ. ಧಣಿ ಅವನನ್ನು ಹೆಸರು ಹಿಡಿದು ಕರೆಯುತ್ತಾನೆ. ವಿಮಾನ ನಡೆಸುವುದಷ್ಟೇ ಅವನ ಕೆಲಸವಲ್ಲ. ಪೆಟ್ಟಿಗೆಗಳನ್ನು ಏರಿಸುವುದು, ಮಂಜುಗಡ್ಡೆ ಕಾಫಿಗಳನ್ನು ತರಿಸಿಡುವುದು, ಪ್ರಯಾಣ ಮುಗಿದ ಮೇಲೆ ಆಸನಗಳ ಮೇಲಿನ ತಿಂಡಿಯ ಚೂರುಗಳನ್ನು ಗುಡಿಸುವುದು, ಎಲ್ಲವೂ ಅವನ ಪಾಲಿಗೆ ಬರುವುದುಂಟು. ಧಣಿ ಗಾಲ್ಫ್ ಆಡಿ ಮುಗಿಸುವವರೆಗೆ ಪರವೂರಿನ ನಿಲ್ದಾಣದಲ್ಲಿ ದಿನವಿಡೀ ಕಾದು ಕುಳಿತಿರಬೇಕು. ನಾಳೆ ಎಲ್ಲಿಗೆ ಪಯಣವೆಂಬುದು ಎಷ್ಟೋ ಸಲ ಇಂದು ರಾತ್ರಿಯ ಟೆಲಿಫೋನಿನಲ್ಲಿ ತಿಳಿಯುತ್ತದೆ. ಮಗಳ ಹುಟ್ಟುಹಬ್ಬ ಅದೇ ದಿನವಾದರೆ ಅದು ಅವಳ ದುರದೃಷ್ಟ. ವರ್ಷಕ್ಕೆ ಅವನು ಹಾರುವುದು ಮುನ್ನೂರು ನಾನೂರು ಗಂಟೆ. ದೊಡ್ಡ ಕಂಪೆನಿಗಳ ವೈಮಾನಿಕರಿಗಾದರೋ ಕಾನೂನಿನ ಮಿತಿಯೇ ವರ್ಷಕ್ಕೆ 1,000 ಗಂಟೆ.

ಇಂಥವನು ದೊಡ್ಡ ಕಂಪೆನಿಯೊಂದಕ್ಕೆ ಅರ್ಜಿ ಹಾಕಿ, ಆಯ್ಕೆಯೂ ಆದನೆನ್ನಿ. ಸಾವಿರಾರು ಗಂಟೆಗಳ ಅವನ ನಾಯಕತ್ವಕ್ಕೆ ಅಲ್ಲಿ ಸಿಗುವ ಮನ್ನಣೆ ಏನು? ಪಟ್ಟಿಯ ಕೊನೆಯ ಸಾಲಿನಲ್ಲಿ ಒಂದು ಸಂಖ್ಯೆ! ಅಮೆರಿಕದ ವಿಮಾನ ಕಂಪೆನಿಗಳಲ್ಲಿ ಎಲ್ಲವೂ ಜ್ಯೇಷ್ಠತಾ ಪಟ್ಟಿಯ ಮೇಲೆಯೇ ನಡೆಯುತ್ತದೆ. ಯಾವ ವಿಮಾನ, ಯಾವ ಊರಿನ ಠಾಣೆ, ಎಡಗಡೆಯ ನಾಯಕನ ಆಸನವೋ ಬಲಗಡೆಯ ಸಹಾಯಕನದೋ, ಕ್ರಿಸ್‌ಮಸ್ಸಿಗೆ ರಜೆ ಯಾರಿಗೆ, ಕೆಟ್ಟ ಕಾಲದಲ್ಲಿ ಮನೆಗೆ ಹೋಗುವವರು ಯಾರು, ಇವೆಲ್ಲಕ್ಕೂ ಉತ್ತರ ಆ ಪಟ್ಟಿಯಲ್ಲಿದೆ. ಅದು ಕೆಲಸಕ್ಕೆ ಸೇರಿದ ದಿನಾಂಕವನ್ನು ನೋಡುತ್ತದೆಯೇ ಹೊರತು ಕೈಚಳಕವನ್ನಲ್ಲ. ಒಂದು ಕಂಪೆನಿಯ ಜ್ಯೇಷ್ಠತೆಯನ್ನು ಇನ್ನೊಂದಕ್ಕೆ ಒಯ್ಯುವಂತೆಯೂ ಇಲ್ಲ. 1991ರಲ್ಲಿ ಈಸ್ಟರ್ನ್, ಪ್ಯಾನ್ ಆಮ್ ಎಂಬೆರಡು ಹಿರಿಯ ಕಂಪೆನಿಗಳು ಬಾಗಿಲು ಮುಚ್ಚಿದಾಗ, ತಲೆ ನರೆತ ಎಷ್ಟೋ ನಾಯಕರು ಬೇರೆಡೆ ಹುಡುಗರ ಹಿಂದೆ ನಿಂತು ಮೊದಲಿನಿಂದ ಆರಂಭಿಸಬೇಕಾಯಿತು.

ಇದು ನಮಗೆ ತೀರ ಅಪರಿಚಿತವಾದ ಸಂಗತಿಯೇನಲ್ಲ. ನಮ್ಮ ರಾಜ್ಯ ಸರ್ಕಾರದ ನೌಕರನು ಹೆಂಡತಿಯ ಊರಿಗೋ ತಾಯಿಯ ಊರಿಗೋ ಹತ್ತಿರವಾಗಲೆಂದು ಸ್ವಂತ ಕೋರಿಕೆಯ ಮೇಲೆ ಬೇರೆ ಜ್ಯೇಷ್ಠತಾ ಘಟಕಕ್ಕೆ ವರ್ಗವಾದರೆ, ಹೊಸ ಜಾಗದ ಪಟ್ಟಿಯ ತಳಕ್ಕೆ ಇಳಿಯುತ್ತಾನೆ. ಕಚೇರಿಗಳ ಊಟದ ಬಿಡುವಿನಲ್ಲಿ ಈ ಲೆಕ್ಕಾಚಾರವನ್ನು ಕೇಳದವರು ವಿರಳ. ಆದರೂ ಈ ವ್ಯವಸ್ಥೆಯನ್ನು ಮೂರ್ಖತನವೆಂದು ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಮೇಲಧಿಕಾರಿಯ ಕೃಪೆಗಾಗಿ ಕೆಟ್ಟ ಹವೆಯಲ್ಲೂ ಹಾರಲೊಪ್ಪುವವನಿಗೆ ಬಡ್ತಿ, ಒಲ್ಲೆನೆಂದವನಿಗೆ ಶಿಕ್ಷೆ ಎಂಬಂತಾದರೆ ಪ್ರಯಾಣಿಕರ ಗತಿಯೇನು? ಪಟ್ಟಿಗೆ ಕಣ್ಣಿಲ್ಲದಿರುವುದೇ ಅದರ ಗುಣ.

ನಮ್ಮ ವೈಮಾನಿಕನ ಮುಂದೆ ಹಾದಿಗಳು ಮೂರು. ಇರುವಲ್ಲಿಯೇ ಇದ್ದು ದೊಡ್ಡ ಕಂಪೆನಿಗೆ ಅರ್ಜಿ ಹಾಕುತ್ತ ಕಾಯುವುದು ಒಂದು. ಎರಡನೆಯದು ಪ್ರಾಂತೀಯ ಕಂಪೆನಿಗಳನ್ನು ಸೇರುವುದು. ಇವು ದೊಡ್ಡವರ ಬಣ್ಣ ಬಳಿದುಕೊಂಡು ಸಣ್ಣ ಊರುಗಳಿಗೆ ಹಾರುವಂಥವು. ಇವುಗಳ ಕಥೆ ವಿಚಿತ್ರವಾದದ್ದು. 2009ರ ಫೆಬ್ರವರಿ 12ರ ರಾತ್ರಿ ನೆವಾರ್ಕಿನಿಂದ ಹೊರಟ ಇಂಥದೊಂದು ವಿಮಾನ ಬಫಲೋ ನಗರದ ಬಳಿ ಬಿದ್ದು 50 ಮಂದಿ ಸತ್ತರು. ವಿಚಾರಣೆಯಲ್ಲಿ ವೈಮಾನಿಕರ ಅಲ್ಪ ಸಂಬಳ, ದಣಿವು, ತರಬೇತಿಯ ಲೋಪ ಎಲ್ಲವೂ ಬಯಲಿಗೆ ಬಂದುವು. 2010ರಲ್ಲಿ ಕಾನೂನಾಯಿತು, 2013ರಿಂದ ಸಹಾಯಕ ವೈಮಾನಿಕನಿಗೂ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಬೇಕಾಯಿತು. (ಬಫಲೋ ವಿಮಾನದ ಇಬ್ಬರಿಗೂ ಅದಕ್ಕಿಂತ ಹೆಚ್ಚಿನ ಗಂಟೆಗಳಿದ್ದುವು ಎಂಬುದನ್ನು ಜನ ಮರೆಯುತ್ತಾರೆ.) ಹೊಸಬರ ಹರಿವು ತಗ್ಗಿತು, ಸಂಬಳ ಏರಿತು. ಒಮ್ಮೆ ಮೊದಲ ವರ್ಷಕ್ಕೆ ಇಪ್ಪತ್ತು ಸಾವಿರ ಡಾಲರಿನ ಆಸುಪಾಸು ಕೊಡುತ್ತಿದ್ದ ಈ ಕಂಪೆನಿಗಳಲ್ಲಿ ಕೆಲವು 2022ರಲ್ಲಿ ಗಂಟೆಗೆ 90 ಡಾಲರು ಕೊಡಲು ಮುಂದಾದುವು. ಸಂಸಾರವಂದಿಗನು ಈ ಹಾದಿಯನ್ನು ಯೋಚಿಸುವುದು ಸಾಧ್ಯವಾದದ್ದೇ ಆ ಮೇಲೆ.

ಮೂರನೆಯದು, ಜೆಟ್ಟುಗಳನ್ನು ಬಾಡಿಗೆಗೆ ಬಿಡುವ ಅಥವಾ ಹಲವರ ಪಾಲುಗಾರಿಕೆಯಲ್ಲಿ ನಡೆಸುವ ನೆಟ್‌ಜೆಟ್ಸ್‌ನಂಥ ಸಂಸ್ಥೆಗಳು. ಇಲ್ಲಿ ಕಾನೂನಿನ ಸೂಕ್ಷ್ಮವೊಂದಿದೆ. ವಿಮಾನ ಕಂಪೆನಿಯಲ್ಲಿ ನಾಯಕನಾಗಬೇಕಾದರೆ ಕಂಪೆನಿ ವಿಮಾನಗಳಲ್ಲಿ ಸಹಾಯಕನಾಗಿ 1,000 ಗಂಟೆ ಹಾರಿರಬೇಕು. ಬಾಡಿಗೆಯ ಅಥವಾ ಪಾಲುಗಾರಿಕೆಯ ಜೆಟ್ಟಿನಲ್ಲಿ ನಾಯಕನಾಗಿ ಗಳಿಸಿದ ಗಂಟೆಗಳನ್ನು ಇದಕ್ಕೆ ಲೆಕ್ಕ ಹಿಡಿಯಲು ನಿಯಮ ಒಪ್ಪುತ್ತದೆ. ಧಣಿಯ ಸ್ವಂತ ಜೆಟ್ಟಿನಲ್ಲಿ ಗಳಿಸಿದ್ದನ್ನು ಒಪ್ಪುವುದಿಲ್ಲ. ವಿಮಾನ ಅದೇ, ಆಕಾಶ ಅದೇ, ಎದುರಿಸಿದ ಬಿರುಗಾಳಿಯೂ ಅದೇ ಆಗಿರಬಹುದು!

ಇಷ್ಟಾದರೂ ಅವನೇಕೆ ಹೊರಡಬೇಕು? ಮೊದಲನೆಯದಾಗಿ ಹಣ. ದೊಡ್ಡ ಕಂಪೆನಿಯ ಮೊದಲ ವರ್ಷದಲ್ಲಿ ಗಂಟೆಗೆ ನೂರು ಡಾಲರಿನ ಆಸುಪಾಸಿನಲ್ಲಿರುವ ಸಂಬಳ, ಖಂಡಾಂತರ ವಿಮಾನದ ಹಿರಿಯ ನಾಯಕನಿಗೆ 400 ಡಾಲರನ್ನು ಮೀರುತ್ತದೆ. ಡೆಲ್ಟಾ ಕಂಪೆನಿಯ 2023ರ ಒಪ್ಪಂದವೊಂದೇ ನಾಲ್ಕು ವರ್ಷಗಳಲ್ಲಿ ನೂರಕ್ಕೆ 34ರಷ್ಟು ಏರಿಕೆ ತಂದಿತು. ಹಣಕ್ಕಿಂತ ಮಿಗಿಲಾದದ್ದು ಧಣಿಯ ಮನಸ್ಸಿನ ಪ್ರಶ್ನೆ. 2008ರ ನವೆಂಬರಿನಲ್ಲಿ ಅಮೆರಿಕದ ಮೂರು ದೊಡ್ಡ ಮೋಟಾರು ಕಂಪೆನಿಗಳ ಮುಖ್ಯಸ್ಥರು ಸರ್ಕಾರದ ಸಹಾಯ ಯಾಚಿಸಲು ವಾಷಿಂಗ್ಟನ್ನಿಗೆ ಬಂದರು. ಬಂದದ್ದು ತಂತಮ್ಮ ಜೆಟ್ಟುಗಳಲ್ಲಿ! ಜನ ಕೆರಳಿದರು. ಡಿಸೆಂಬರಿನಲ್ಲಿ ಮತ್ತೆ ಬಂದಾಗ ಕಾರಿನಲ್ಲಿ ಬಂದರು. ಫೋರ್ಡ್ ಕಂಪೆನಿ ತನ್ನ ಜೆಟ್ಟುಗಳನ್ನು ಮಾರುವುದಾಗಿ ಸಾರಿತು. ಪತ್ರಿಕೆಗಳು ನಕ್ಕುವು. ಜೆಟ್ಟು ಮಾರಾಟವಾದರೆ ಅದನ್ನು ನಡೆಸುತ್ತಿದ್ದವರ ಕೆಲಸವೇನಾದೀತೆಂಬ ಚಿಂತೆ ಆ ನಗೆಯಲ್ಲಿ ಯಾರಿಗೂ ಬಂದಂತಿಲ್ಲ.

ಪಟ್ಟಿಯ ಆಶ್ರಯವೂ ವಜ್ರಕವಚವಲ್ಲ. 2001ರ ಸೆಪ್ಟೆಂಬರ್ 11ರ ತರುವಾಯ ಸಾವಿರಾರು ಮಂದಿ ಕಿರಿಯ ವೈಮಾನಿಕರನ್ನು ಮನೆಗೆ ಕಳುಹಿಸಿದರು. ಕೆಲವರಿಗೆ ಮರಳಿ ಕರೆ ಬಂದದ್ದು ಹತ್ತು ವರ್ಷಗಳ ಮೇಲೆ. 2007ರ ಡಿಸೆಂಬರಿನಲ್ಲಿ ನಿವೃತ್ತಿಯ ವಯಸ್ಸು 60ರಿಂದ 65ಕ್ಕೆ ಏರಿತು. ಮೇಲಿನವರಿಗೆ ಅದು ಹಬ್ಬ. ಕೆಳಗಿನವರೋ ಐದು ವರ್ಷ ನಿಂತ ಮೆಟ್ಟಿಲ ಮೇಲೆಯೇ ನಿಂತರು.

ಆದ್ದರಿಂದ ಇಡೀ ಪ್ರಶ್ನೆ ಕೊನೆಗೆ ತಾರೀಖಿನದು. ಒಂದು ಕಂಪೆನಿ ವರ್ಷಕ್ಕೆ ಸಾವಿರ ಮಂದಿಯನ್ನು ಸೇರಿಸಿಕೊಳ್ಳುತ್ತದೆಂದು ಇಟ್ಟುಕೊಳ್ಳೋಣ. ಮಗ ಪ್ರೌಢಶಾಲೆ ಮುಗಿಸಲಿ ಎಂದು ಎರಡು ವರ್ಷ ತಡೆದವನ ಮುಂದೆ ಎರಡು ಸಾವಿರ ಮಂದಿ ನಿಂತಿರುತ್ತಾರೆ. ಅವರಲ್ಲಿ ತನಗಿಂತ ಕಿರಿಯರಾದವರು ಇವನ ನಿವೃತ್ತಿಯವರೆಗೂ ಮುಂದೆಯೇ ಇರುತ್ತಾರೆ. 2022 ಮತ್ತು 2023ರಲ್ಲಿ ಪ್ರತಿ ವರ್ಷವೂ ದೊಡ್ಡ ಕಂಪೆನಿಗಳೆಲ್ಲ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ವೈಮಾನಿಕರನ್ನು ತೆಗೆದುಕೊಂಡವು. 2024ರಲ್ಲಿ ಆ ಬಾಗಿಲು ಬಹಳ ಕಿರಿದಾಯಿತು. ತಡೆದವರ ಮನೆಗಳಲ್ಲಿ ಆಗ ನಡೆದಿರಬಹುದಾದ ಮಾತುಕತೆಯನ್ನು ಊಹಿಸುವುದು ಕಷ್ಟವಲ್ಲ. ಗಂಡನ ಸಂಬಳ ಒಂದೆರಡು ವರ್ಷ ಇಳಿದರೆ ಮನೆಯ ಸಾಲದ ಕಂತಿಗೆ ದಾರಿಯೇನು, ದೂರದ ಠಾಣೆಗೆ ಹಾಕಿದರೆ ಅಲ್ಲಿ ನಾಲ್ವರೊಡನೆ ಬಾಡಿಗೆ ಕೋಣೆಯಲ್ಲಿ ಮಲಗಿ ತಿಂಗಳಿಗೆ ಎಷ್ಟು ದಿನ ಮನೆಗೆ ಬಂದಾನು ಎಂಬ ಪ್ರಶ್ನೆಗಳನ್ನು ಕೇಳಬೇಕಾದವಳು ಗೃಹಿಣಿಯೇ.

ನನ್ನನ್ನು ಕೇಳಿದರೆ, ಮೂವತ್ತೈದರವನು ಮರುಯೋಚನೆಯಿಲ್ಲದೆ ಹೊರಡಲಿ. ಐವತ್ತೈದರವನಿಗೆ ಅಲ್ಲಿ ಮಿಗುವುದು ಹತ್ತೇ ವರ್ಷ. ಒಳ್ಳೆಯ ಧಣಿಯಿದ್ದರೆ ಅವನು ಇರುವಲ್ಲಿರುವುದೇ ಲೇಸು. ನಲವತ್ತೈದರವನಿಗೆ ಹೇಳಲು ನನಗೆ ಧೈರ್ಯ ಸಾಲದು. ದೊಡ್ಡ ಕಂಪೆನಿಗಳಲ್ಲಿ 65 ತುಂಬಿದ ದಿನ ಆಸನ ಬಿಡಲೇಬೇಕು. 67ಕ್ಕೆ ಏರಿಸುವ ಪ್ರಯತ್ನ 2024ರ ಕಾನೂನಿನಲ್ಲಿ ಫಲಿಸಲಿಲ್ಲ. ಧಣಿಯ ಸ್ವಂತ ವಿಮಾನಕ್ಕಾದರೋ ಅಂಥ ಕಾನೂನಿನ ಮಿತಿಯಿಲ್ಲ, ವೈದ್ಯರ ಒಪ್ಪಿಗೆಯಿದ್ದರಾಯಿತು. ಹೀಗಾಗಿ ಮಹಾಕಂಪೆನಿಗಳಿಂದ ನಿವೃತ್ತರಾದ ನಾಯಕರಲ್ಲಿ ಕೆಲವರು ಮತ್ತೆ ಈ ಖಾಸಗಿ ಜೆಟ್ಟುಗಳಿಗೇ ಬಂದು, ಧಣಿಗಳ ಪೆಟ್ಟಿಗೆಗಳನ್ನು ತಾವೇ ಏರಿಸಿಕೊಂಡು ಹೊರಡುವುದುಂಟು.